ಬಾವಿಯ ಆಳವನ್ನು ಕಿವಿಗೆ ಮುಟ್ಟಿಸುವುದು: ಪ್ರೌಢಶಾಲೆಯ ಮಕ್ಕಳ ನೇರ ರೇಡಿಯೊ ನಾಟಕ, ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಶರಾವತಿ ಹಿನ್ನೀರಿನ ಅಂಚಿನಲ್ಲಿರುವ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ನಾಟಕ ಶಿಕ್ಷಕ. ಪ್ರತಿಭಾ ಕಾರಂಜಿಗೆ ಒಂದು, ಶಾಲಾ ವಾರ್ಷಿಕೋತ್ಸವಕ್ಕೆ ಒಂದು ಎಂಬಂತೆ ವರ್ಷಕ್ಕೆ ಎರಡು ನಾಟಕ ಕಟ್ಟುವುದು ನಮ್ಮಲ್ಲಿ ನಡೆದುಬಂದ ರೂಢಿ. ಕಳೆದ ವರ್ಷ ವಾರ್ಷಿಕೋತ್ಸವದಲ್ಲಿ ರಂಗನಾಟಕದ ಬದಲಿಗೆ, ಒಂಬತ್ತನೆಯ ತರಗತಿಯ 14 ಮಕ್ಕಳನ್ನು ಕಟ್ಟಿಕೊಂಡು 24 ನಿಮಿಷದ ರೇಡಿಯೊ ನಾಟಕವೊಂದನ್ನು ನೇರವಾಗಿ ಪ್ರಯೋಗಿಸಿದೆವು. ಆ ಪ್ರಯೋಗದ ಎರಡನೆಯ ದೃಶ್ಯದಲ್ಲಿ ಒಂದು ಅವಘಡವಾಯಿತು. ವಿದ್ಯಾರ್ಥಿನಿಯೊಬ್ಬಳು ಅದನ್ನು ಕ್ಷಣದಲ್ಲಿ ಸರಿಪಡಿಸಿದಳು. ಆದರೆ ಆ ದುರಸ್ತಿಯ ನೆರಳು ನಾಟಕದ ಕೊನೆಯ ದೃಶ್ಯದವರೆಗೂ ಚಾಚಿತು. ರೇಡಿಯೊ ನಾಟಕದಲ್ಲಿ ಶಬ್ದಕ್ಕೆ ಅರ್ಥ ಎಲ್ಲಿಂದ ಬರುತ್ತದೆ ಎಂಬುದನ್ನು ನನಗೆ ಸರಿಯಾಗಿ ತಿಳಿಸಿಕೊಟ್ಟದ್ದು ಆ ಅವಘಡವೇ ಆದ್ದರಿಂದ ಇದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ರೇಡಿಯೊ ನಾಟಕ ನಮ್ಮ ಕಡೆಯ ಹಿರಿಯರಿಗೆ ಹೊಸದಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದ ಸಂಗತಿ ಅವರಿಗೆ ತಿಳಿಯದಿರಬಹುದು, ಆದರೆ ಭದ್ರಾವತಿ ಆಕಾಶವಾಣಿಯ ನಾಟಕ ಕೇಳುತ್ತ ಅಡಿಕೆ ಸುಲಿದ ರಾತ್ರಿಗಳನ್ನು ನೆನೆಯುವವರು ಪ್ರತಿ ಊರಿನಲ್ಲೂ ಇದ್ದಾರೆ. ಮಕ್ಕಳ ವಿಷಯ ಹಾಗಲ್ಲ. ಚಿತ್ರವಿಲ್ಲದ ಕಥೆಯನ್ನು ಇಪ್ಪತ್ತು ನಿಮಿಷ ಕುಳಿತು ಕೇಳಿದ ಅನುಭವ ನನ್ನ ತರಗತಿಯಲ್ಲಿ ಒಬ್ಬರಿಗೂ ಇರಲಿಲ್ಲ.

ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಸಬಹುದಲ್ಲ ಎಂದು ಸಹೋದ್ಯೋಗಿಗಳು ಕೇಳಿದ್ದರು. ಒಂದು ವಾರ ಹಾಗೆ ಮಾಡಿಯೂ ನೋಡಿದೆ. ತಪ್ಪಿದರೆ ಇನ್ನೊಮ್ಮೆ ಹೇಳಬಹುದೆಂದು ಗೊತ್ತಾದ ಕೂಡಲೇ ಮಕ್ಕಳು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದನ್ನು ಬಿಟ್ಟರು. ತಂತಮ್ಮ ಮಾತು ಮುಗಿಸಿ ಫೋನಿನ ಪರದೆ ನೋಡುತ್ತ ನಿಲ್ಲತೊಡಗಿದರು. ಆದ್ದರಿಂದ ನೇರ ಪ್ರಯೋಗವೇ ಆಗಬೇಕೆಂದು ನಿರ್ಧರಿಸಿದೆ. ಪರವಾನಗಿ ಇಲ್ಲದೆ ತರಂಗಗಳ ಮೂಲಕ ಪ್ರಸಾರ ಮಾಡಲು ನಮ್ಮ ದೇಶದಲ್ಲಿ ಅವಕಾಶವಿಲ್ಲವಾದ್ದರಿಂದ ತಂತಿಯ ದಾರಿ ಹಿಡಿದೆವು: ಗ್ರಂಥಾಲಯದ ಕೋಣೆಯಲ್ಲಿ ಮಕ್ಕಳು, ಅಲ್ಲಿಂದ ಎಳೆದ ತಂತಿ, ಪ್ರಾರ್ಥನಾ ಅಂಗಳದಲ್ಲಿ ಎರಡು ಸ್ಪೀಕರ್. ಕೇಳುಗರಿಗೆ ಮಕ್ಕಳು ಕಾಣುವುದಿಲ್ಲ, ಮಕ್ಕಳಿಗೆ ಕೇಳುಗರು ಕಾಣುವುದಿಲ್ಲ.

ಕಥೆ ಮತ್ತು ಗಡಗಡೆಯ ಲೆಕ್ಕ

ನಮ್ಮ ಮಕ್ಕಳಲ್ಲಿ ಹಲವರು ಮುಳುಗಡೆ ಕುಟುಂಬಗಳವರು. 1948ರ ಮಡೆನೂರು ಅಣೆಕಟ್ಟು ಒಮ್ಮೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಇನ್ನೊಮ್ಮೆ, ಹೀಗೆ ಕಣಿವೆಯ ಜನ ಎರಡು ಸಲ ನೀರಿಗೆ ಜಾಗ ಬಿಟ್ಟುಕೊಟ್ಟವರು. ಮೊದಲನೆಯ ಅಣೆಕಟ್ಟೇ ಎರಡನೆಯದರ ನೀರಿನಲ್ಲಿ ಮುಳುಗಿತು. ಹಿನ್ನೀರು ಇಳಿದ ಬೇಸಿಗೆಯಲ್ಲಿ ಅದು ಮತ್ತೆ ಮೇಲೇಳುವುದನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ನಾಟಕಕ್ಕೆ ವಸ್ತು ಹುಡುಕುವಾಗ ಒಬ್ಬ ಹುಡುಗಿ, ತನ್ನ ಮುತ್ತಜ್ಜಿ ಹೇಳುತ್ತಿದ್ದರಂತೆ ಎಂದು ಒಂದು ಸಂಗತಿ ತಂದಳು: ನೀರು ಅಂಗಳಕ್ಕೆ ಬರುವ ಮೊದಲು ಬಾವಿಗೆ ಬಂತು, ದಿನದಿಂದ ದಿನಕ್ಕೆ ಹಗ್ಗ ಮಿಕ್ಕತೊಡಗಿತು.

ಇಷ್ಟು ಕೇಳಿದ ಮೇಲೆ ಬೇರೆ ಕಥೆ ಹುಡುಕುವ ಅಗತ್ಯ ಉಳಿಯಲಿಲ್ಲ. ಬಾವಿಕಟ್ಟೆಯ ಮೇಲೆ ನಾಲ್ಕು ದೃಶ್ಯ, ಒಬ್ಬ ಅಜ್ಜಿ, ಒಬ್ಬ ಮೊಮ್ಮಗ, ಬಂದುಹೋಗುವ ನಾಲ್ವರು. ಬೇಸಿಗೆಯ ಕೊನೆಯ ಮೊದಲ ದೃಶ್ಯದಲ್ಲಿ ಕೊಡ ನೀರು ಮುಟ್ಟಬೇಕಾದರೆ ಗಡಗಡೆ 16 ಸುತ್ತು ತಿರುಗುತ್ತದೆ. ಆಷಾಢದ ಎರಡನೆಯ ದೃಶ್ಯದಲ್ಲಿ 11 ಸುತ್ತು; ಮಳೆಗಾಲವಾದ್ದರಿಂದ ಯಾರಿಗೂ ಇದು ವಿಶೇಷವೆನಿಸುವುದಿಲ್ಲ. ಮೂರನೆಯದು ದೀಪಾವಳಿ, ಬಾವಿಯ ನೀರು ಇಳಿಯಲು ಶುರುವಾಗಬೇಕಾದ ಹೊತ್ತಿನಲ್ಲಿ ಗಡಗಡೆ ಬರೀ 6 ಸುತ್ತಿಗೆ ನಿಲ್ಲುತ್ತದೆ, ಅಜ್ಜಿ ಮಾತು ನಿಲ್ಲಿಸುತ್ತಾಳೆ. ನಾಲ್ಕನೆಯದು ಮರುವರ್ಷದ ಮಳೆಗಾಲ, ಮನೆ ಬಿಡುವ ಬೆಳಗು. ಗಡಗಡೆಯ ಸದ್ದೇ ಇಲ್ಲ, ಅಜ್ಜಿ ಬಗ್ಗಿ ಕೈಯಿಂದಲೇ ಕೊಡ ಮುಳುಗಿಸುತ್ತಾಳೆ. ನೀರು ಏರುತ್ತಿದೆ ಎಂಬ ಮಾತು ನಾಟಕದಲ್ಲಿ ಎಲ್ಲಿಯೂ ಬರಕೂಡದು, ಕೇಳುಗನೇ ಅದನ್ನು ಎಣಿಸಿ ತಿಳಿಯಬೇಕು ಎಂಬುದು ನನ್ನ ಹಟವಾಗಿತ್ತು.

ರೇಡಿಯೊಗೆಂದೇ ಬರೆದ ಮೊದಮೊದಲ ನಾಟಕಗಳಲ್ಲಿ ಒಂದನ್ನು 1924ರ ಜನವರಿ 15ರಂದು ಬಿಬಿಸಿ ಪ್ರಸಾರ ಮಾಡಿತು. ದೀಪ ಆರಿಹೋದ ಕಲ್ಲಿದ್ದಲ ಗಣಿಯೊಳಗೆ ಅದು ನಡೆಯುತ್ತದೆ. ಪಾತ್ರಗಳಿಗೂ ಏನೂ ಕಾಣದು, ಕೇಳುಗನಿಗೂ ಏನೂ ಕಾಣದು. ಕತ್ತಲೆಯಲ್ಲಿ ಇಬ್ಬರನ್ನೂ ಒಂದೇ ಕಡೆ ನಿಲ್ಲಿಸಿದ ಆ ಉಪಾಯವನ್ನು ಮಕ್ಕಳಿಗೆ ಹೇಳಿದಾಗ, ಬಾವಿಯ ಒಳಗೂ ಕಾಣುವುದಿಲ್ಲವಲ್ಲ ಸಾರ್ ಎಂದು ಒಬ್ಬ ಹುಡುಗ ಹೇಳಿದ. ನಾನು ಹೇಳಬೇಕೆಂದಿದ್ದುದು ಅದೇ ಆಗಿತ್ತು.

ತಾಲೀಮು

ಮೊದಲ ವಾರ ನಿರಾಶೆಯಾಯಿತು. ಈ ಮಕ್ಕಳು ರಂಗದ ಮೇಲೆ ಚೆನ್ನಾಗಿ ಅಭಿನಯಿಸುವವರು. ಅಜ್ಜಿಯ ಪಾತ್ರದ ಹುಡುಗಿ ಸೊಂಟ ಬಗ್ಗಿಸಿ, ಕೈ ನಡುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಮಾತಾಡಿದರೆ ನೋಡುವವರಿಗೆ ಎಪ್ಪತ್ತು ವರ್ಷದ ಮುದುಕಿಯೇ ಎದುರು ಬಂದಂತೆ ಆಗುತ್ತಿತ್ತು. ಕಣ್ಣು ಮುಚ್ಚಿದರೆ ಹದಿನಾಲ್ಕರ ಹುಡುಗಿ ಪಾಠ ಒಪ್ಪಿಸುತ್ತಿದ್ದಳು. ದನಿ ನಡುಗಿಸು ಎಂದು ಹೇಳಿದ್ದು ನನ್ನ ತಪ್ಪು. ನಡುಗಿಸಿದಾಗ ಅದು ಅಣಕದಂತೆ ಕೇಳಿಸಿತು. ಕೊನೆಗೆ ಕಿಟಕಿಯ ಸರಳಿನ ಮೇಲೆ ಹಗ್ಗ ಹಾಯಿಸಿ, ಆಚೆ ತುದಿಗೆ ಮರಳು ತುಂಬಿದ ಬಕೆಟ್ ಕಟ್ಟಿ, ಎಳೆಯುತ್ತ ಮಾತಾಡಲು ಹೇಳಿದೆ. ಎಳೆತಕ್ಕೆ ಉಸಿರು ಕಟ್ಟಿತು, ವಾಕ್ಯಗಳು ತಾವಾಗಿಯೇ ನಡುವೆ ತುಂಡಾದವು, ಕೊಡ ಮೇಲೆ ಬಂದಾಗ ಬರುವ ನಿಟ್ಟುಸಿರು ಮಾತಿನ ಕೊನೆಗೆ ಸೇರಿಕೊಂಡಿತು. ಅಂದಿನಿಂದ ಪ್ರಯೋಗದ ದಿನದವರೆಗೂ ಆಕೆ ಆ ಬಕೆಟ್ ಎಳೆಯುತ್ತಲೇ ನುಡಿದಳು. ತೆಂಗಿನ ನಾರಿನ ಹಗ್ಗ ಸರಳಿಗೆ ಉಜ್ಜಿದ ಸದ್ದನ್ನೂ ಮೈಕು ಹಿಡಿಯುತ್ತಿದ್ದುದರಿಂದ ಅದರ ಬದಲು ಹಳೆಯ ಹತ್ತಿ ಸೀರೆ ಹರಿದು ಹೊಸೆದ ಹಗ್ಗ ಹಾಕಿದೆವು.

ಮೈಕಿನ ಮುಂದಿನ ದೂರವೇ ರೇಡಿಯೊ ನಾಟಕದ ರಂಗಸ್ಥಳ. ಇದನ್ನು ಸೆಂಟಿಮೀಟರುಗಳಲ್ಲಿ ಹೇಳಿದಾಗ ಮಕ್ಕಳು ಮರೆಯುತ್ತಿದ್ದರು. ಗೇಣು, ಮೊಳ, ಮಾರು ಎಂದು ಹೇಳಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ ಮೇಲೆ ಒಬ್ಬರೂ ತಪ್ಪಲಿಲ್ಲ. ಮೈಕಿನಿಂದ ಗೇಣು ದೂರದಲ್ಲಿ ಆಡಿದ್ದು ಮನಸ್ಸಿನೊಳಗಿನ ಮಾತು, ಮೊಳ ದೂರದ್ದು ಬಾವಿಕಟ್ಟೆಯ ಮಾತುಕತೆ, ಮಾರು ದೂರ ನಿಂತು ಮುಖ ಹೊರಳಿಸಿ ಆಡಿದ್ದು ಅಂಗಳದಾಚೆಯ ಕೂಗು. ಅಂಗಳದಿಂದ ಮನೆಯೊಳಗೆ ಬರುವ ಪಾತ್ರ ಮಾತಾಡುತ್ತಲೇ ಮಾರಿನ ಗೆರೆಯಿಂದ ಮೊಳದ ಗೆರೆಗೆ ಬರಿಗಾಲಿನಲ್ಲಿ ನಡೆಯಬೇಕು. ಪಕಾರ, ಭಕಾರಗಳ ಗಾಳಿ ಮೈಕಿಗೆ ಬಡಿದು ‘ಢಬ್’ ಎನ್ನುತ್ತಿದ್ದುದಕ್ಕೆ ನೇರ ಎದುರು ನಿಲ್ಲದೆ ತುಸು ಓರೆಯಾಗಿ ನಿಲ್ಲುವುದೇ ಸಾಕಾಯಿತು.

ಉಳಿದ ಸಿದ್ಧತೆಗಳನ್ನು ಬೇಗ ಹೇಳಿಬಿಡಬಹುದು. ಹಾಳೆಗಳನ್ನು ಪಿನ್ ಮಾಡದೆ ಬಿಡಿಯಾಗಿ ಇಟ್ಟುಕೊಂಡು, ಓದಿದ್ದನ್ನು ಸದ್ದಿಲ್ಲದೆ ಚಾಪೆಯ ಮೇಲೆ ಜಾರಿಸುವುದು, ಯಾವ ಮಾತೂ ಹಾಳೆಯ ಕೊನೆಯಲ್ಲಿ ತುಂಡಾಗದಂತೆ ಬರೆಯುವುದು, ಬಳೆ ಗೆಜ್ಜೆ ತೆಗೆದಿಡುವುದು, ಫ್ಯಾನು ನಿಲ್ಲಿಸುವುದು. ಮಳೆಗೆ ಮೊರದಲ್ಲಿ ರಾಗಿ ಆಡಿಸಿದೆವು. ದೂರದ ಗುಡುಗಿಗೆ ತಗಡಿನ ಹಾಳೆ. ಒಲೆಯ ಉರಿಗೆ ಬಿಸ್ಕತ್ತಿನ ಪೊಟ್ಟಣದ ಕಾಗದ ಮುದುಡಿದರೆ ಸಾಕಿತ್ತು.

ಗಡಗಡೆ ಮಾತ್ರ ಬಹಳ ಸತಾಯಿಸಿತು. ನಿಜವಾದ ಕಬ್ಬಿಣದ ಗಡಗಡೆಯನ್ನೇ ತಂದು ತಿರುಗಿಸಿದಾಗ ಸ್ಪೀಕರಿನಲ್ಲಿ ಇಲಿ ಕೀಚಲು ಕೂಗಿದಂತೆ ಕೇಳಿಸಿತು. ಗಡಗಡೆಯೆಂದು ಕಿವಿ ಒಪ್ಪಿದ್ದು ಗ್ರಂಥಾಲಯದ ಮೂಲೆಯಲ್ಲಿದ್ದ ಹಳೆಯ ಮರದ ಕುರ್ಚಿಯ ಸದ್ದನ್ನು. ಅದರ ಸಡಿಲವಾದ ಕಾಲನ್ನು ಗೂಡಿನಲ್ಲೇ ಹಿಡಿದು ತಿರುಚಿದರೆ ‘ಕಿರ್‍ರ್… ಗಡ’ ಎಂದು ಸುತ್ತಿಗೊಂದು ಸದ್ದು ಬರುತ್ತಿತ್ತು. ಒಬ್ಬ ಹುಡುಗ ಕುರ್ಚಿಯ ಕಾಲು ತಿರುಚುವುದು, ಪಕ್ಕದಲ್ಲಿ ಒಬ್ಬ ಹುಡುಗಿ ನೀರು ತುಂಬಿದ ನೀಲಿ ಡ್ರಮ್ಮಿನ ಮೇಲೆ ತಾಮ್ರದ ಕೊಡ ಹಿಡಿದು ಕಾಯುವುದು, ಲೆಕ್ಕ ಮುಗಿದ ಕೂಡಲೇ ಆಕೆ ಕೊಡ ಇಳಿಸುವುದು ಎಂದು ಗೊತ್ತು ಮಾಡಿದೆವು.

ತಾಲೀಮಿನಲ್ಲಿ ನನಗೆ ಹೆಚ್ಚು ಪ್ರಯೋಜನವಾದದ್ದು ಚಿತ್ರ ಬಿಡಿಸುವ ಅಭ್ಯಾಸ. ತಂಡದ ಅರ್ಧ ಮಕ್ಕಳು ಗೋಡೆಯಾಚೆ ಕುಳಿತು ಕೇಳಿ, ಅಜ್ಜಿಯ ಮನೆಯ ನಕ್ಷೆ ಬರೆಯಬೇಕು. ಮೊದಲ ಸಲ ಬಾವಿ ಒಬ್ಬರ ನಕ್ಷೆಯಲ್ಲಿ ಮನೆಯ ಮುಂದೆ, ಇನ್ನೊಬ್ಬರದರಲ್ಲಿ ಹಿತ್ತಿಲಲ್ಲಿ, ಮತ್ತೊಬ್ಬರದರಲ್ಲಿ ಗದ್ದೆಯ ಬದಿಯಲ್ಲಿತ್ತು. ‘ಹಿತ್ತಿಲ ಬಾಗಿಲು ಹಾಕ್ಕೊಂಡು ಬಾ’ ಎಂಬ ಒಂದೇ ಮಾತು ಸೇರಿಸಿದ ಮೇಲೆ ಎಲ್ಲ ನಕ್ಷೆಗಳಲ್ಲೂ ಬಾವಿ ಹಿತ್ತಿಲಿಗೆ ಬಂತು. ಆದರೆ ಬಾವಿಯ ಆಳವನ್ನು ಬರೆಯಿರಿ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಗೋಡೆಯಾಚೆ ಕುಳಿತವರಿಗೂ ಲೆಕ್ಕ ಮೊದಲೇ ಗೊತ್ತಿತ್ತಲ್ಲ, ಕೇಳಿದ್ದರೂ ಸರಿಯುತ್ತರವೇ ಸಿಗುತ್ತಿತ್ತು. ಹೊರಗಿನ ಒಂದು ಕಿವಿಯನ್ನು ಆಗಲೇ ಕರೆತರಬೇಕಾಗಿತ್ತು.

ಪ್ರಯೋಗದ ಸಂಜೆ

ಪ್ರಯೋಗದ ಹೊತ್ತಿನಲ್ಲಿ ಕೋಣೆಯೊಳಗೆ ಇರಬಾರದೆಂದು ನಾನು ನಿರ್ಧರಿಸಿದ್ದೆ. ಕೈಸನ್ನೆಯ ಕೆಲಸವನ್ನು ಒಬ್ಬ ವಿದ್ಯಾರ್ಥಿನಿಗೆ, ಧ್ವನಿ ಏರಿಳಿಸುವ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸಿ, ಅಂಗಳದಲ್ಲಿ ಕೇಳುಗರ ನಡುವೆ ಕುಳಿತೆ. ಪೋಷಕರು, ಊರಿನ ಹಿರಿಯರು, ಎಂಟನೆಯ ತರಗತಿಯ ಮಕ್ಕಳು ಚಾಪೆಗಳ ಮೇಲೆ ಸ್ಪೀಕರಿನತ್ತ ಮುಖ ಮಾಡಿ ಕುಳಿತಿದ್ದರು. ನೋಡಲು ಏನೂ ಇಲ್ಲದ್ದರಿಂದ ಮೊದಲ ಎರಡು ಮೂರು ನಿಮಿಷ ಗುಜುಗುಜು ಇತ್ತು. ಮೊದಲ ದೃಶ್ಯದ 16 ಸುತ್ತು ಮುಗಿಯುವ ಹೊತ್ತಿಗೆ ಅದು ಅಡಗಿತು.

ಎರಡನೆಯ ದೃಶ್ಯ. ರಾಗಿಯ ಮಳೆ ಹಿತವಾಗಿ ಸುರಿಯುತ್ತಿತ್ತು. ಗಡಗಡೆ ತಿರುಗತೊಡಗಿತು: ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೇ ‘ಧುಡುಂ’ ಎಂದು ಕೊಡ ನೀರಿಗೆ ಬಿತ್ತು, ಬೀಳುವಾಗ ಡ್ರಮ್ಮಿನ ಅಂಚಿಗೆ ತಗುಲಿ ‘ಟಣ್’ ಎಂದಿತು. ಒದ್ದೆ ಕೈಯಿಂದ ಕೊಡ ಜಾರಿತ್ತೆಂದು ನನಗೆ ತಿಳಿದದ್ದು ಆಮೇಲೆ. ಆ ಕ್ಷಣದಲ್ಲಿ ನಾನೂ ಒಬ್ಬ ಕೇಳುಗ. ನನ್ನ ಮನಸ್ಸಿಗೆ ಮೊದಲು ಬಂದದ್ದು, ನೀರು ಇಷ್ಟು ಬೇಗ ಇಷ್ಟು ಮೇಲೆ ಬಂತೇ ಎಂಬ ಮಾತು. ನಾಟಕ ಬರೆದವನಿಗೇ ಹಾಗೆ ಅನಿಸಿದ ಮೇಲೆ ಉಳಿದವರ ಪಾಡೇನು? ಮೂರನೆಯ ದೃಶ್ಯದಲ್ಲಿ ಗಡಗಡೆ ಆರು ಸುತ್ತು ತಿರುಗಿದರೆ, ದೀಪಾವಳಿಗೆ ನೀರು ಇಳಿಯಿತೆಂದೇ ಅರ್ಥವಾಗುತ್ತದೆ, ಕಥೆಯೇ ತಿರುವುಮುರುವಾಗುತ್ತದೆ.

ಎರಡು ಕ್ಷಣ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಅಜ್ಜಿಯ ದನಿ ಕೇಳಿಸಿತು: “ಅಯ್ಯೋ, ಕೈ ಜಾರ್ತು ಮಗಾ, ಹಗ್ಗ ಸಮೇತ ಹೋತು! ಪಾತಾಳಗರಡಿ ತಗಂಡ್ ಬಾರೋ, ಅಟ್ಟದ ಮೇಲೈತೆ ನೋಡು.”

ಪಾತಾಳಗರಡಿ ಎಂದರೆ ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತುವ ಕೊಕ್ಕೆಗಳ ಗೊಂಚಲು. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಅಂಗಳದಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಎಷ್ಟೋ ವರ್ಷಗಳಿಂದ ಕೇಳಿರದ ಹೆಸರೊಂದು ಸ್ಪೀಕರಿನಿಂದ ಬಂದಿತ್ತು. ಮೊಮ್ಮಗನ ಪಾತ್ರದ ಹುಡುಗನಿಗೆ ಅದೇನೆಂದು ಗೊತ್ತಿರಲಿಲ್ಲ. ಆದರೂ ಅಂಜದೆ, “ಎಲ್ಲೈತೆ ಅಜ್ಜೀ?” ಎನ್ನುತ್ತ ಮೊಳದ ಗೆರೆಯಿಂದ ಮಾರಿನ ಗೆರೆಗೆ ನಡೆದುಹೋದ. ಅವನು ನಿಜಕ್ಕೂ ಅಟ್ಟದ ಕಡೆಗೆ ಹೋದಂತೆ ಕೇಳಿಸಿತು. ಮರಳಿ ಬಂದು “ತಗ” ಎಂದ. ಕುರ್ಚಿಯ ಹುಡುಗ ಅಷ್ಟರಲ್ಲಿ ಎಚ್ಚೆತ್ತುಕೊಂಡು ಲೆಕ್ಕವನ್ನು ಮೊದಲಿನಿಂದ ಹಿಡಿದ, ಹನ್ನೊಂದು ಸುತ್ತು ತಿರುಚಿದ, ಕೊಡ ಮೆಲ್ಲನೆ ನೀರಿಗಿಳಿಯಿತು. ಈ ಎಲ್ಲದಕ್ಕೂ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿದಿರಲಾರದು. ಒಬ್ಬರೂ ಕಣ್ಣಿನಲ್ಲಿ ನನ್ನನ್ನು ಹುಡುಕುವಂತಿರಲಿಲ್ಲ, ನಾನು ಅಲ್ಲಿರಲಿಲ್ಲ. ಆ ಮೂವರು ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಇದನ್ನು ಮಾಡಿದರು. ಇಷ್ಟು ವರ್ಷಗಳ ನನ್ನ ಕೆಲಸದಲ್ಲಿ ನಾನು ಹೆಮ್ಮೆಪಟ್ಟ ಗಳಿಗೆಗಳಲ್ಲಿ ಅದೂ ಒಂದು.

ಮೂರನೆಯ ದೃಶ್ಯ ಬರೆದಂತೆಯೇ ನಡೆಯಿತು. ನಾಲ್ಕನೆಯದರಲ್ಲಿ ಗಡಗಡೆಯಿಲ್ಲ, ಮಳೆಯಿಲ್ಲ. ಕೊಡದ ಬಾಯಿಯೊಳಗೆ ನೀರು ನುಗ್ಗುವ ‘ಬುಳು ಬುಳು’ ಸದ್ದು, ಅದು ತುಂಬಿ ನಿಂತದ್ದು, ಆಮೇಲೆ ಎಂಟು ಎಣಿಸುವಷ್ಟು ಹೊತ್ತು ಮೌನ. ತಾಲೀಮಿನಲ್ಲಿ ಈ ಮೌನ ಬಂದಾಗಲೆಲ್ಲ ಧ್ವನಿ ನೋಡಿಕೊಳ್ಳುವ ಹುಡುಗ ಗಾಬರಿಯಿಂದ ಗುಂಡಿ ತಿರುಗಿಸಿ ಸ್ಪೀಕರನ್ನು ಗುಂಯ್‍ಗುಡಿಸುತ್ತಿದ್ದ. ಅಂದು ಅವನ ಕೈ ಅಲುಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ “ಕರೆಂಟ್ ಹೋಯ್ತಾ?” ಎಂದು ಪಿಸುಗುಟ್ಟಿದರು.

ಕೇಳುಗರು ಕೇಳಿಸಿಕೊಂಡದ್ದು

ನಾಟಕ ಮುಗಿದ ಮೇಲೆ ಎಂಟನೆಯ ತರಗತಿಯ ಮಕ್ಕಳಿಗೆ ಚೀಟಿ ಕೊಟ್ಟು, ಕೊನೆಯ ದೃಶ್ಯದಲ್ಲಿ ಬಾವಿಯ ಬಳಿ ಏನಾಯಿತು ಎಂಬ ಒಂದೇ ಪ್ರಶ್ನೆ ಕೇಳಿದೆ. ನೀರು ಕೈಗೆ ಸಿಗುವಷ್ಟು ಮೇಲೆ ಬಂದಿತ್ತೆಂದು ಬರೆದವರು ಕೆಲವರೇ. ಹೆಚ್ಚಿನವರು ಬರೆದದ್ದು, ಕೊಡ ಮತ್ತೆ ಜಾರಿ ಬಿತ್ತು ಎಂದು. ಮನೆ ಬಿಡುವ ದುಃಖದಲ್ಲಿ ಅಜ್ಜಿಯ ಕೈ ನಡುಗಿ ಕೊಡ ಬಿತ್ತು, ಈ ಸಲ ಪಾತಾಳಗರಡಿ ತರಲು ಯಾರೂ ಇರಲಿಲ್ಲ ಎಂದು ಒಬ್ಬಳು ಬರೆದಿದ್ದಳು. ಅದು ನಮ್ಮ ನಾಟಕಕ್ಕಿಂತ ಬೇರೆಯಾದ, ತನ್ನಷ್ಟಕ್ಕೆ ಚೆಂದವಾದ ಇನ್ನೊಂದು ನಾಟಕ.

ಹಿರಿಯರು ಹಾಗೆ ಕೇಳಿಸಿಕೊಂಡಿರಲಿಲ್ಲ. ಬಾವಿಯಿಂದ ನೀರು ಸೇದಿ ಬೆಳೆದವರಿಗೆ ಗಡಗಡೆ ಎಷ್ಟು ಹೊತ್ತು ತಿರುಗಿತು ಎಂಬುದು ಎಣಿಸದೆಯೇ ತಿಳಿಯುತ್ತದೆ. ದೀಪಾವಳಿಯ ದೃಶ್ಯದಲ್ಲೇ ತನಗೆ ಎದೆ ಝಲ್ಲೆಂದಿತು ಎಂದು ವಯಸ್ಸಾದ ಒಬ್ಬರು ನನ್ನ ಕೈ ಹಿಡಿದು ಹೇಳಿದರು. ಕೊಡ ಬೀಳುವ ಸದ್ದು ಬೇರೆ, ಮುಳುಗುವ ಸದ್ದು ಬೇರೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ನಲ್ಲಿಯ ನೀರು ಕಂಡ ಮಕ್ಕಳಿಗೆ ಎರಡೂ ಒಂದೇ.

ಮಾರನೆಯ ದಿನ ತಂಡ ಕುಳಿತು ಚರ್ಚಿಸಿದಾಗ ಕೊಡ ಜಾರಿಸಿದ ಹುಡುಗಿ ಅತ್ತಳು. ಎಲ್ಲ ತನ್ನಿಂದಲೇ ಹಾಳಾಯಿತೆಂಬ ಭಾವನೆ ಅವಳದು. ಅಜ್ಜಿಯ ಪಾತ್ರದವಳಿಗೂ, ತಾನು ಸುಮ್ಮನಿದ್ದಿದ್ದರೆ ಕೊನೆ ಉಳಿಯುತ್ತಿತ್ತೇನೋ ಎಂಬ ಶಂಕೆ. ನಾನು ಇಬ್ಬರಿಗೂ ಹೇಳಿದ್ದು, ಈಗಲೂ ನಂಬಿರುವುದು ಇಷ್ಟು: ದೋಷ ಬರವಣಿಗೆಯದು, ಎಂದರೆ ನನ್ನದು. ‘ಕೈ ಜಾರ್ತು’ ಎಂಬ ಮಾತು ಕೊಡದ ಸದ್ದಿಗೆ ಒಂದು ಅರ್ಥ ಕೊಟ್ಟಿತು. ಇಡೀ ನಾಟಕದಲ್ಲಿ ಆ ಸದ್ದಿಗೆ ಮಾತಿನ ಮೂಲಕ ದೊರೆತ ಅರ್ಥ ಅದೊಂದೇ ಆದ್ದರಿಂದ ಮಕ್ಕಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ನಾನು ಕೊಡಬೇಕಾಗಿದ್ದ ಅರ್ಥವನ್ನು ಕೊಟ್ಟೇ ಇರಲಿಲ್ಲ. ಮೊದಲ ದೃಶ್ಯದಲ್ಲಿ ಅಜ್ಜಿ ‘ಹದಿನಾರು ಸುತ್ತಿನ ಬಾವಿ’ ಎನ್ನುತ್ತಾಳೆ ನಿಜ, ಆದರೆ ಗಡಗಡೆ ತಿರುಗುತ್ತಿರುವಾಗಲೇ ಅದನ್ನು ಹೇಳುವಂತೆ ಬರೆದಿದ್ದೆ. ಸದ್ದಿನ ಮೇಲೆ ಬಿದ್ದ ಮಾತು ಸದ್ದಿನಲ್ಲೇ ಮುಳುಗಿತು. ಶಬ್ದವೇ ಎಲ್ಲವನ್ನೂ ಹೇಳಲಿ ಎಂಬ ಹಟದಲ್ಲಿ, ಆ ಶಬ್ದವನ್ನು ಕೇಳುಗನಿಗೆ ಒಮ್ಮೆ ಪರಿಚಯಿಸಬೇಕೆಂಬುದನ್ನು ಮರೆತಿದ್ದೆ.

ತಿದ್ದುಪಡಿ

ಪಕ್ಕದ ಊರಿನ ಶಾಲೆಯಲ್ಲಿ ಇನ್ನೊಂದು ಪ್ರಯೋಗವಾಗಬೇಕಿದೆ. ಅದಕ್ಕಾಗಿ ಮೊದಲ ದೃಶ್ಯವನ್ನು ಮತ್ತೆ ಬರೆದೆವು. ಅಜ್ಜಿ ಈಗ ಮೊಮ್ಮಗನಿಗೆ ಸುತ್ತು ಎಣಿಸಲು ಹಚ್ಚುತ್ತಾಳೆ. ಒಂದು ಸುತ್ತು, ಒಂದು ಅಂಕಿ, ಮತ್ತೊಂದು ಸುತ್ತು, ಮತ್ತೊಂದು ಅಂಕಿ. ಹದಿನಾರನ್ನು ಪೂರ್ತಿ ಎಣಿಸಿದರೆ ಬೇಸರವಾಗುತ್ತದೆಂದು ನಾನು ಅಳುಕಿದೆ. ಹುಡುಗ ಹತ್ತಕ್ಕೆ ತಪ್ಪಿ ಅಜ್ಜಿ ಗದರಿದರೆ ಬೇಸರವಾಗದು ಎಂದು ಮಕ್ಕಳೇ ದಾರಿ ತೋರಿಸಿದರು. ಕೊಡ ಜಾರುವ ಪ್ರಸಂಗವನ್ನು ಬಿಡಲು ಯಾರೂ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಅದನ್ನು ಎರಡನೆಯ ದೃಶ್ಯದಿಂದ ಮೊದಲನೆಯದಕ್ಕೆ ತಂದೆವು. ಬೀಳುವ ಕೊಡದ ‘ಟಣ್’ ಮತ್ತು ಹಗ್ಗ ಓಡುವ ಸದ್ದು, ಇಳಿಯುವ ಕೊಡದ ‘ಬುಳು ಬುಳು’ ಎರಡನ್ನೂ ಕೇಳುಗ ಮೊದಲೇ ಬೇರೆಬೇರೆಯಾಗಿ ಕೇಳಿಸಿಕೊಂಡಿರುತ್ತಾನೆ.

ಕೊನೆಯ ದೃಶ್ಯದ ಬಗ್ಗೆ ದೊಡ್ಡ ವಾದವೇ ನಡೆಯಿತು. ಮೊಮ್ಮಗ “ಹಗ್ಗ ಬ್ಯಾಡ್ವಾ ಅಜ್ಜಿ?” ಎಂದು ಕೇಳಲಿ ಎಂದು ನಾನು ಸೂಚಿಸಿದೆ. ಅಷ್ಟು ಬಿಡಿಸಿ ಹೇಳಿದರೆ ಏನು ಉಳಿಯುತ್ತದೆ ಸಾರ್ ಎಂದು ಕುರ್ಚಿಯ ಹುಡುಗ ವಿರೋಧಿಸಿದ. ಹಟ ನನ್ನಿಂದ ಅವನಿಗೆ ದಾಟಿತ್ತು. ತೀರ್ಮಾನ ಕೊಟ್ಟವಳು ಕೊಡ ಜಾರಿಸಿದ ಹುಡುಗಿ. ಅಜ್ಜಿ ಮೊದಲು ಕೊಡದ ಕುಣಿಕೆ ಬಿಚ್ಚಲಿ, ಹಗ್ಗ ಬಾವಿಕಟ್ಟೆಯ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿಸಲಿ, “ಹಗ್ಗ ಇಲ್ಲೇ ಇರಲಿ ಬಿಡು” ಎನ್ನಲಿ, ಆಮೇಲೆ ಕೊಡ ಮುಳುಗಲಿ ಎಂದಳು. ಒಡನೆಯೇ ಎಲ್ಲರೂ ಒಪ್ಪಿದರು.

ಹತ್ತಿ ಸೀರೆಯ ಹಗ್ಗ ಕಲ್ಲಿನ ಮೇಲೆ ಬಿದ್ದರೆ ಸದ್ದೇ ಆಗುವುದಿಲ್ಲ. ಹಿಂದೆ ಬೇಡವೆಂದು ತೆಗೆದಿಟ್ಟಿದ್ದ ನಾರಿನ ಹಗ್ಗವನ್ನು ಮತ್ತೆ ಹೊರತೆಗೆದು, ಒಣಗಿದ್ದಾಗ ಹೇಗೆ, ನೆನೆದಾಗ ಹೇಗೆ ಎಂದು ಅಂಗಳದ ಚಪ್ಪಡಿಯ ಮೇಲೆ ಬೀಳಿಸಿ ಕೇಳುತ್ತಿದ್ದೇವೆ. ರಾತ್ರಿಯಿಡೀ ನೀರಿನಲ್ಲಿ ನೆನೆಸಿದ ಹಗ್ಗ ಸುರುಳಿಯಾಗಿ ಬಿದ್ದಾಗ ಬರುವ ಸದ್ದು ಸದ್ಯಕ್ಕೆ ಎಲ್ಲರಿಗೂ ಹಿಡಿಸಿದೆ. ಈ ಸಲ ಅದನ್ನು ಮೊದಲು ಕೇಳಿಸಿದ್ದು ಎಂಟನೆಯ ತರಗತಿಯ ಮಕ್ಕಳಿಗೆ.